ಗೆಂಡೆ ಮೀನಿಗೆ ಬಿಡುಗಡೆ

ಕ್ರಿಸ್‌ಮಸ್ ಹಿಂದಿನ ದಿನ ಬೆಳಿಗ್ಗೆ ಲುದ್ಮಿಲಾ ಬಕೆಟ್ ಹಿಡಿದು ಊರ ಕೆರೆಗೆ ಬಂದಳು. ಬಕೆಟ್ಟಿನಲ್ಲಿ ಒಂದು ಗೆಂಡೆ ಮೀನು. ಆ ನಾಡಿನ ವಾಡಿಕೆಯಂತೆ ಆ ರಾತ್ರಿಯ ಹಬ್ಬದೂಟಕ್ಕೆಂದು ಜೀವಂತ ತಂದು, ಸ್ನಾನದ ತೊಟ್ಟಿಯಲ್ಲಿ ಇಟ್ಟು, ಕೊನೆಗೆ ಕೊಲ್ಲಲು ಮನಸ್ಸು ಬಾರದೆ ಕೆರೆಗೆ ಬಿಡುವುದು ಅವಳ ಗಂಡ ಕಾಮಿಲ್ ಹಾಕಿಕೊಟ್ಟ ರೂಢಿ. ಅವನು ತೀರಿಕೊಂಡ ಮೇಲೂ ಅವಳು ಅದನ್ನು ನಿಲ್ಲಿಸಿರಲಿಲ್ಲ.

ದಡದಲ್ಲಿ ನೆರೆಮನೆಯ ಯಾರೊಮೀರ್ ಗಾಳ ಹಾಕಿ ಕುಳಿತಿದ್ದ.

"ಏನ್ ಲುದ್ಮಿಲಾ, ನೆಂಟರನ್ನ ಕಳಿಸೋಕೆ ಬಂದ್ಯಾ?"

"ಹೂಂ. ನೀನ್ ಕಣ್ಣು ಹಾಕ್ಬೇಡ."

"ಬಿಡ್ಬೇಡ ಕಣೆ. ಅದು ಬದುಕಲ್ಲ."

"ಗಾಳ ಹಿಡ್ಕೊಂಡು ಕೂತೋನು ನಂಗೆ ದಯೆ ಕಲಿಸ್ತೀಯಾ? ನೀರಿನ ಮೀನು ನೀರಲ್ಲಿ ಬದುಕಲ್ವಾ?"

ಯಾರೊಮೀರ್ ಬೆರಳು ತೋರಿಸಿ, "ಬಕೆಟ್ಟಿಗೆ ಕೈ ಹಾಕು," ಎಂದ. ಹಾಕಿದಳು. "ಈಗ ಕೆರೆಗೆ."

ಅಂಚಿನ ತೆಳು ಮಂಜುಗಡ್ಡೆ ಸರಿಸಿ ಕೈ ಅದ್ದಿದವಳು ತಟ್ಟನೆ ಎಳೆದುಕೊಂಡಳು.

"ಇಲ್ಲಿನ ಮೀನುಗಳು ಚಳಿಗೆ ಮೊದ್ಲೇ ತಿಂದು ಕೊಬ್ಬಿ ತಳ ಸೇರಿರ್ತಾವೆ. ಇದು ಮೀನು ಮಾರೋನ ತೊಟ್ಟೀಲಿ, ಆಮೇಲೆ ನಿನ್ ತೊಟ್ಟೀಲಿ ಉಪವಾಸ ಬಿದ್ದು ಸೊರಗಿದೆ. ಬೆಚ್ಚಗಿದ್ದದ್ದನ್ನ ಇಲ್ಲಿ ಬಿಟ್ರೆ ತಡ್ಕೊಳುತ್ತಾ? ರೋಗ ಗೀಗ ಇದ್ರೆ ಕೆರೆಗೂ ಹರಡುತ್ತೆ. ಇದು ಇಡೀ ಊರಿನ ಕೆರೆ. ಎಲ್ರೂ ಇಲ್ಲೇ ಮೀನು ಹಿಡಿಯೋದು."

"ಹಂಗಾದ್ರೆ ಇಷ್ಟು ವರ್ಷ ಬಿಟ್ಟಿದ್ವಲ್ಲ, ಅವು?"

ಅವನು ಗಾಳದ ದಾರವನ್ನೇ ನೋಡುತ್ತಿದ್ದ. ಅವಳು ಬಕೆಟ್ಟಿನೊಳಗೆ ಬಗ್ಗಿ ನೋಡಿದಳು.

"ಗೊತ್ತಿದ್ರೆ ಕಾಮಿಲ್ ಬಿಡ್ತಿರ್ಲಿಲ್ಲ," ಎಂದಳು.

"ಅವನಷ್ಟು ಮೆತ್ತನೆ ಮನಸ್ಸು ಈ ಊರಲ್ಲಿ ಯಾರಿಗಿತ್ತು, ಹೇಳು."

"ಈಗ ಇದನ್ನ ಏನ್ ಮಾಡ್ಲಿ?"

"ಮಾರೋನ ಹತ್ರ ಒಯ್ಯಿ. ಒಂದೇ ಏಟಿಗೆ ಮುಗಿಸಿ ಕೊಡ್ತಾನೆ, ನರಳೋದಿಲ್ಲ. ನಡಿ, ನಾನೂ ಬರ್ತೀನಿ." ಅವನು ಗಾಳ ಸುತ್ತಿ ಎದ್ದ.

ಸಂಜೆ ಅವಳ ಮನೆಯಲ್ಲಿ ಕರಿದ ಗೆಂಡೆ, ಆಲೂಗಡ್ಡೆ ಸಲಾಡ್.

"ಅಮ್ಮಾ, ಈ ಸಲ ಬಿಡ್ಲಿಲ್ವಾ?" ಮಗಳು ಹೆಂಕಾ ಅಚ್ಚರಿಯಿಂದ ಕೇಳಿದಳು.

ಲುದ್ಮಿಲಾ ಬೆಳಗಿನದ್ದನ್ನೆಲ್ಲ ಹೇಳಿದಳು. ಮಗಳು ಅಪ್ಪನ ಖಾಲಿ ಕುರ್ಚಿಯತ್ತ ನೋಡಿದಳು. ಆಮೇಲೆ, "ಬರೋ ವರ್ಷದಿಂದ ಜೀವಂತ ಮೀನು ತರೋದೇ ಬೇಡ ಅಮ್ಮ," ಎಂದಳು.

ಈ ಕಥೆ ಓದಿದವರಲ್ಲಿ ಒಂದು ವಿನಂತಿ. ಸಂತೆಯದಾಗಲಿ, ಮನೆಯ ಗಾಜಿನ ತೊಟ್ಟಿಯದಾಗಲಿ, ಕೊಂಡು ತಂದ ಮೀನನ್ನು ಊರ ಕೆರೆಗೆ ಬಿಡಬೇಡಿ. ನಿಮಗೆ ಕಾಣದ ಕಡೆ ಅದು ಸಾಯುತ್ತದೆ, ಅಷ್ಟೆ. ಮೀನಿನ ಮೇಲೆ ಕನಿಕರವಿದ್ದರೆ ಅದನ್ನು ಕೊಳ್ಳುವ ಮೊದಲೇ ತೋರಿಸಿ.