ಬ್ಯಾಟರಿ ಬೇಡದ ಕಿವಿಯಂತ್ರ

ಗಾಳಿಯಲ್ಲಿ ಹರಿದಾಡುವ ರೇಡಿಯೋ ಅಲೆಗಳನ್ನು ಹಿಡಿದು ಕರೆಂಟು ಮಾಡುವುದು ಅಳಿಯನ ಕೆಲಸ. ಟವರು, ಫೋನು, ವೈಫೈಗಳು ಚೆಲ್ಲಿದ ಚೂರುಪಾರನ್ನು ಹೆಕ್ಕಿ, ಗೋದಾಮುಗಳ ಪುಟ್ಟ ಥರ್ಮಾಮೀಟರುಗಳನ್ನು ಓಡಿಸುತ್ತಿದ್ದ. ಅತ್ತೆ ತಮ್ಮ ಕಿವಿಯಂತ್ರದ ಬ್ಯಾಟರಿಯನ್ನು ಮಾತ್ರೆಯೆಂದು ಬಾಯಿಗೆ ಹಾಕಿಕೊಂಡ ದಿನ, ಬ್ಯಾಟರಿಯೇ ಬೇಡದ ಯಂತ್ರ ಮಾಡಿಕೊಡುತ್ತೇನೆಂದು ಹಟ ತೊಟ್ಟ.

ಮಾಡಿಯೂ ಬಿಟ್ಟ. ಅತ್ತೆ ಕಿವಿಗಿಟ್ಟುಕೊಂಡರು. ಏನೂ ಕೇಳಿಸಲಿಲ್ಲ. ಅಷ್ಟರಲ್ಲಿ ಹೆಂಡತಿಗೆ ಯಾರದೋ ಫೋನು ಬಂತು. ಅವಳು ಹಲೋ ಎಂದದ್ದೇ ತಡ, ಅತ್ತೆ ಬೆಚ್ಚಿಬಿದ್ದರು.

"ಯಾಕೇ ಹಾಗೆ ಕಿರುಚ್ತೀಯ?"

ಫೋನು ಇಟ್ಟೊಡನೆ ಕಿವಿ ಮತ್ತೆ ಮಂದವಾಯಿತು. ಕರೆಯಲ್ಲಿರುವ ಫೋನಿನ ಅಲೆಯೇ ಯಂತ್ರಕ್ಕೆ ಕರೆಂಟು, ಒಂದು ಫೋನಿಗೆ ಬಿಟ್ಟುಬಿಟ್ಟು ಕೇಳಿಸುತ್ತದೆ, ಅಕ್ಕಪಕ್ಕ ಎರಡಿದ್ದರೆ ಸ್ಪಷ್ಟ ಎಂದು ಅಳಿಯ ಕಂಡುಕೊಂಡ.

"ಹಾಗಾದ್ರೆ ನೀನೂ ನಿಮ್ಮಕ್ಕನೂ ಒಬ್ಬರಿಗೊಬ್ಬರು ಫೋನ್ ಮಾಡ್ಕೊಂಡು ಅಮ್ಮನ ಪಕ್ಕ ಕೂತ್ಕೊಳ್ಳಿ," ಎಂದ ಹೆಂಡತಿಗೆ.

ಹೆಂಡತಿಗೂ ಮೇಲಿನ ಮಹಡಿಯಲ್ಲಿದ್ದ ಅವಳ ಅಕ್ಕನಿಗೂ ವರ್ಷಗಳಿಂದ ಮಾತಿರಲಿಲ್ಲ. ಅಮ್ಮನ ಹೊಲಿಗೆ ಮಿಷನ್ನು ಮಾಯವಾಗಿತ್ತು. ಇವಳೇ ಎಗರಿಸಿದ್ದೆಂದು ಅವಳು, ಅವಳೇ ಎಂದು ಇವಳು.

"ಫೋನ್ ಬೇಕಾದ್ರೆ ಹಿಡ್ಕೋತೀನಿ. ಬಾಯಿ ಮಾತ್ರ ಬಿಡಲ್ಲ," ಎಂದಳು ಅಕ್ಕ.

ಅಮ್ಮನ ಎಡಕ್ಕೊಬ್ಬಳು, ಬಲಕ್ಕೊಬ್ಬಳು, ಕಿವಿಗೆ ಫೋನೊತ್ತಿಕೊಂಡು ಮುಖ ಊದಿಸಿಕೊಂಡು ಕೂತರು. ಅತ್ತೆಗೆ ಸ್ವರ್ಗ. ಫ್ಯಾನಿನ ಕಿರುಗುಟ್ಟುವಿಕೆಯನ್ನೂ ಚಪ್ಪರಿಸಿ ಕೇಳಿದರು. ದಿನವೂ ಸಂಜೆ ಇದೇ ಕ್ರಮವಾಯಿತು.

ಒಂದು ಸಂಜೆ ಹೆಂಡತಿಗೆ ಸೀನು ಬಂತು.

"ಕಿವಿಗೇ ಸೀನ್ತೀಯಲ್ಲೇ!" ಎಂದಳು ಅಕ್ಕ, ಫೋನಿನಲ್ಲಿ.

"ಮಿಷನ್ ಕದ್ದೋರಿಗಿಂತ ವಾಸಿ!" ಎಂದಳು ಇವಳು, ಅದೂ ಫೋನಿನಲ್ಲೇ.

ಮೊಳ ದೂರದಲ್ಲಿ ಕೂತು ಫೋನಿನೊಳಗೇ ಇಬ್ಬರೂ ಕಿತ್ತಾಡಿದರು. ಅತ್ತೆ ಕತ್ತು ಅತ್ತಿತ್ತ ಹೊರಳಿಸಿ ಕೇಳಿದರು.

"ಹೊಲಿಗೆ ಮಿಷನ್ನಾ? ಅದನ್ನ ನಾನೇ ಹಿಂದಿನ ಬೀದಿ ದರ್ಜಿ ಹೆಂಗಸಿಗೆ ಕೊಟ್ಟೆ. ಇಷ್ಟು ದಿನ ಇದಕ್ಕೇನ್ರೇ ಮುಖ ತಿರುಗಿಸ್ಕೊಂಡಿದ್ದಿದ್ದು? ನನಗೊಂದೂ ಕೇಳಿಸಿರ್ಲಿಲ್ವಲ್ಲ!"

ಇಬ್ಬರೂ ಫೋನು ಬಂದ್ ಮಾಡಿ ಬಿಸಾಕಿ ಅಮ್ಮನ ಮೇಲೆ ಒಟ್ಟಿಗೆ ಎಗರಿಬಿದ್ದರು. ಅತ್ತೆಗೆ ಬರೀ ಬಾಯಿಗಳು ಆಡುವುದು ಕಂಡಿತು. ಅಳಿಯ ಗಾಬರಿಯಾಗಿ ತನ್ನ ಫೋನು ತೆಗೆದ. ಅತ್ತೆ ಅವನ ಕೈ ಹಿಡಿದರು.

"ಬೇಡಪ್ಪ, ಸ್ವಲ್ಪ ಹೊತ್ತು ಹೀಗೇ ಇರ್ಲಿ."

ಮಿಷನ್ನು ವಾಪಸು ಕೇಳಲೆಂದು ಮರುದಿನ ಅಕ್ಕತಂಗಿಯರು ಜೊತೆಯಾಗಿ ಹೋದರು. ದರ್ಜಿ ಹೆಂಗಸು ಬಲು ಮಾತುಗಾತಿ. ಇಬ್ಬರೂ ಮಿಷನ್ನು ಅಲ್ಲೇ ಬಿಟ್ಟು, ಹೊಸ ಬಟ್ಟೆಗೆ ಅಳತೆ ಕೊಟ್ಟು ಬಂದರು.