ಅರವತ್ತರ ತನಕ

ಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ಬಸವೇಶ್ವರಿ ಫೋನು ತೆಗೆದು ನೋಡಿದಳು. ನಿವೃತ್ತಿ ನಿಧಿಯ ಕಂಪನಿಯವರು ಹೈದರಾಬಾದಿನಿಂದ ಸಂದೇಶ ಕಳಿಸಿದ್ದರು. ಹಣ ಹಿಂಪಡೆಯುವ ನಿಮ್ಮ ಅರ್ಜಿ ಮಂಜೂರಾಗಿದೆ, ಪೂರ್ತಿ ಮೊತ್ತ ನಿಮ್ಮ ನಾರಾಯಣಪೇಟೆಯ ಬ್ಯಾಂಕ್ ಖಾತೆಗೆ ಜಮೆಯಾಗಲಿದೆ ಎಂದಿತ್ತು. ಅವಳು ಎರಡು ಸಲ ಓದಿಕೊಂಡಳು. ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದಾಗಲೇ ಅವಳಿಗೆ ಮೈಮೇಲೆ ಎಚ್ಚರ ಬಂದದ್ದು.

ಹಣ ಹಿಂದಕ್ಕೆ ಕೊಡಿ ಎಂದು ಅವಳು ಕೇಳಿರಲೇ ಇಲ್ಲ. ಬೇರೆ ಕಡೆಗೆ ಸಾಗಿಸಿ ಎಂದು ಕೇಳಿದ್ದಳು, ಅಷ್ಟೇ.

ಬಸವೇಶ್ವರಿ ತನ್ನೂರು ಮಕ್ತಲಿನ ಹತ್ತಿ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದಳು. ಮಗಳು ಕಾವ್ಯ ಹುಟ್ಟುವ ಮೊದಲೇ ಸೇರಿದ್ದ ಕೆಲಸ. ತೆಲಂಗಾಣ ಬಂದ ಮರುವರ್ಷ ಮಾಲೀಕರು ಮಿಲ್ಲಿಗೆ ಬೀಗ ಹಾಕಿದರು. ನೌಕರರ ಹೆಸರಿನಲ್ಲಿ ಕಟ್ಟುತ್ತಾ ಬಂದಿದ್ದ ನಿವೃತ್ತಿ ನಿಧಿ ಮಾತ್ರ ಅದನ್ನು ನೋಡಿಕೊಳ್ಳುವ ಹೈದರಾಬಾದಿನ ಕಂಪನಿಯ ಹತ್ತಿರವೇ ಉಳಿಯಿತು. ಮಿಲ್ಲು ಇರುವವರೆಗೂ ಅದರ ಶುಲ್ಕವನ್ನೆಲ್ಲ ಮಾಲೀಕರು ಕೊಡುತ್ತಿದ್ದರು. ಮುಚ್ಚಿದ ಮೇಲೆ ಕಂಪನಿಯವರು ಅದನ್ನು ಒಬ್ಬೊಬ್ಬರ ಗಂಟಿನಿಂದಲೇ ಮುರಿದುಕೊಳ್ಳತೊಡಗಿದರು. ನಿರ್ವಹಣೆ ಅಂತ ಒಂದು, ಆಡಳಿತ ಅಂತ ಇನ್ನೊಂದು. ಕೂತು ತಿನ್ನುವವನಿಗೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ. ಇಲ್ಲಿ ಕೂತು ತಿನ್ನುತ್ತಿದ್ದವರು ಬೇರೆಯವರು, ಕುಡಿಕೆ ಮಾತ್ರ ಇವಳದು. ಸರ್ಕಾರದ ಪೆನ್ಷನ್ ಖಾತೆಯಲ್ಲಿ ಶುಲ್ಕ ನಾಮಕಾವಾಸ್ತೆ, ಹಳೆಯ ನಿಧಿಯಿಂದ ನೇರವಾಗಿ ಅಲ್ಲಿಗೇ ಸಾಗಿಸಬಹುದು ಎಂದು ಗದ್ವಾಲದ ಏಜೆಂಟ್ ನರೇಂದ್ರ ಹೇಳಿದ್ದ. ಅವಳು ರುಜು ಹಾಕಿ ಕೊಟ್ಟು ಬಂದಿದ್ದಳು.

ಈಗ ಅದೇ ಹಣ ನಾರಾಯಣಪೇಟೆಯ ಬ್ಯಾಂಕಿಗೆ ಹೋಗುತ್ತಿತ್ತು. ಆ ಬ್ಯಾಂಕಿನಲ್ಲೇ ಅವಳ ಗಂಡ ಶಿವಕಾಂತ ಆ ಪೇಟೆಯಲ್ಲಿ ಇಟ್ಟಿದ್ದ ಸೀರೆ ಅಂಗಡಿಯ ಸಾಲ ಇತ್ತು, ಸಾಲಕ್ಕೆ ಜಾಮೀನು ಇವಳದೇ ಇತ್ತು. ದೊಡ್ಡ ನೋಟು ರದ್ದಾದ ಚಳಿಗಾಲದಲ್ಲಿ ಗಿರಾಕಿ ನಿಂತುಹೋದರು. ಅದರ ಮೇಲೆ, ನಾರಾಯಣಪೇಟೆಯನ್ನೂ ಜಿಲ್ಲೆ ಮಾಡಿ ಎಂದು ಪೇಟೆ ಮೇಲಿಂದ ಮೇಲೆ ಬಂದ್ ಆಯಿತು. ಅಂಗಡಿ ಏಳಲೇ ಇಲ್ಲ. ಜಾಮೀನುದಾರರ ಖಾತೆಗೆ ಏನು ಬಿದ್ದರೂ ಸಾಲಕ್ಕೆ ಎಳೆದುಕೊಳ್ಳುತ್ತೇವೆ ಎಂದು ಮ್ಯಾನೇಜರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಶಿವಕಾಂತ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿ ಬಾಯಿ ಮುಕ್ಕಳಿಸಿ ಉಗುಳಿದ.

"ಹೋಗ್ಲಿ ಬಿಡು. ಬ್ಯಾಂಕಿನ ಸಾಲಾರ ಹರೀತೈತಿ. ಅಂಗಡಿ ಬಾಗಲಿಗೆ ನನ್ನ ಹೆಸರಿನ ನೋಟಿಸ್ ಹಚ್ಯಾರ, ಆ ಪ್ಯಾಟ್ಯಾಗ ನಾ ತಲಿ ಎತ್ತಿ ತಿರಗಾಕ ಆಗವಲ್ದು."

"ಇಬ್ಬರೂ ಮುದುಕರಾದ ಮ್ಯಾಲೆ ಏನು ತಿನ್ನೂಣು?"

"ಅವಾಗಿಂದು ಅವಾಗ."

"ಅಂಗಡಿ ಇಟ್ಟಾಗೂ ಹಿಂಗ ಅಂದಿದ್ರಿ," ಎಂದಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಅವನು ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಒಳಗೆ ಹೋದ. ಅವಳು ಕೈತೊಳೆದು, ಸೀರೆಯನ್ನೂ ಬದಲಿಸದೆ, ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದಳು.

ಜುರಾಲ ಅಣೆಕಟ್ಟಿನ ಮೇಲೆ ಬಸ್ಸು ಸಾಗುವಾಗ ಜನರೆಲ್ಲ ಕಿಟಕಿಗೆ ಮುಖ ಹಚ್ಚಿ ಕೃಷ್ಣೆಯ ಹೊಸ ನೀರು ನೋಡಿದರು. ಬಸವೇಶ್ವರಿ ಮಡಿಲಲ್ಲಿದ್ದ ಫೋನನ್ನೇ ನೋಡುತ್ತಿದ್ದಳು. ಹಣ ಜಮೆಯಾಯಿತು ಎಂಬ ಸಂದೇಶ ಈಗ ಬಂದೀತು, ಇನ್ನೊಂದು ತಿರುವಿಗೆ ಬಂದೀತು. ಗದ್ವಾಲ ಬರುವಷ್ಟರಲ್ಲಿ ಬೆವರಿಗೆ ಫೋನಿನ ಗಾಜೆಲ್ಲ ಮಂಜಾಗಿತ್ತು.

ಹಿಂದಿನ ದಸರೆಗೆ ಗದ್ವಾಲ ಜಿಲ್ಲೆಯಾದ ಮೇಲೆ ಕೋಟೆಯ ಕಡೆಯ ಬೀದಿಯಲ್ಲಿ ಹೊಸ ಹೊಸ ಆಫೀಸುಗಳು ಎದ್ದಿದ್ದವು. ನರೇಂದ್ರನದೂ ಅಂಥದ್ದೊಂದು ಕೋಣೆ. ಅವನು ಸಂದೇಶ ಓದಿ ತಲೆ ಕೆರೆದುಕೊಂಡ. "ಸಾಗಿಸೋದಂತ ಬರದ್ರ ಅವರು ವಾಪಸ್ ಅಂತ ಹಿಡಿದಾರಲ್ರೀ ಅಮ್ಮಾ. ತಪ್ಪು ಅವರದೇ. ಈಗ ಒಂದು ದರಖಾಸ್ತು ಕಳಸ್ತೀನಿ. ಇನ್ನೂ ಹೋಗಿಲ್ಲಂದ್ರ ನಿಲ್ಲಸ್ತಾರ."

"ಹೋಗಿದ್ರ?"

ನರೇಂದ್ರ ಕೈ ಅಗಲಿಸಿದ. ಹೈದರಾಬಾದಿನ ನಂಬರು ಹತ್ತಲೇ ಇಲ್ಲ. ಹತ್ತಿದಾಗ ಊಟದ ಹೊತ್ತು ಎಂದರು. "ಹೊರಗ ಚಾ ಕುಡದ ಬರ್ರಿ, ಫೋನ್ ಮಾಡ್ತೀನಿ," ಎಂದ.

ಚಹಾದ ಬಂಡಿಯ ಮುಂದೆ ನಿಂತಾಗ ಯಾರೋ ಹಿಂದಿನಿಂದ "ಅಕ್ಕಾ!" ಎಂದರು. ಬಸವೇಶ್ವರಿಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಅದು ತಿರುಪತಮ್ಮನ ದನಿ, ನೇಕಾರ ಯಲ್ಲಯ್ಯನ ಹೆಂಡತಿ. ಅಂಗಡಿ ಮುಳುಗುವ ಮುಂಚೆ ಕೊನೆಯ ಸರಕೆಂದು ಯಲ್ಲಯ್ಯನ ಮನೆಯಿಂದ ರೇಷ್ಮೆ ಸೆರಗಿನ ಸೀರೆಗಳನ್ನು ಉದ್ರಿ ತಂದದ್ದು ಬಸವೇಶ್ವರಿಯೇ. ಶಿವಕಾಂತ ಕೇಳಿದ್ದರೆ ಯಲ್ಲಯ್ಯ ಕೊಡುತ್ತಿರಲಿಲ್ಲ. "ನನ್ನ ಮಾತಿನ ಮ್ಯಾಲೆ ಕೊಡ್ರಿ," ಎಂದು ಇವಳು ಅಂದದ್ದಕ್ಕೆ ಕೊಟ್ಟಿದ್ದ. ಆ ಹಣ ಕೊಡಲಾಗದೆ, ಆಮೇಲೆ ಇವಳು ಗದ್ವಾಲಕ್ಕೆ ಬಂದರೆ ನೇಕಾರರ ಓಣಿ ತಪ್ಪಿಸಿ ಸುತ್ತು ಹಾಕಿ ಹೋಗುತ್ತಿದ್ದಳು.

"ಗದ್ವಾಲಕ್ಕ ಬಂದು ನಮ್ಮ ಮನಿಗಿ ಬರಲಾರ್ದ ಹೋಗ್ತೀರೇನು? ರಾ ಅಕ್ಕಾ, ಪದ," ಬಾ, ನಡಿ ಎಂದು ತನ್ನ ತೆಲುಗಿನಲ್ಲಿ ಕರೆದು ತಿರುಪತಮ್ಮ ಕೈ ಹಿಡಿದೇಬಿಟ್ಟಳು. ಬಾಕಿ ಹಣ ಕೊಡಲೆಂದೇ ಇವಳು ಬಂದಿದ್ದಾಳೆ ಎಂದು ತಿರುಪತಮ್ಮ ತಿಳಿದಿರುವುದು ಅವಳ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಆ ಹುರುಪು ನೋಡಿ ಬಸವೇಶ್ವರಿ ಒಂದು ಹೆಜ್ಜೆ ಹಿಂದೆಯೇ ನಡೆದಳು.

ಮನೆಯೊಳಗೆ ಮಗ್ಗ ಖಾಲಿ ನಿಂತಿತ್ತು. ಯಲ್ಲಯ್ಯ ನೇಯುವಾಗ ಕಾಲಿಳಿಬಿಡುವ ಮಗ್ಗದ ಕುಣಿಯ ಅಂಚಿಗೆ ಕೂತು ಯಾರದೋ ಹರಿದ ಚಾಪೆ ಹೆಣೆಯುತ್ತಿದ್ದ. ಇವಳನ್ನು ಕಂಡು ಎದ್ದ. "ಬರ್ರಿ ತಾಯಿ, ಕೂಡ್ರಿ" ಎಂದನೇ ಹೊರತು ಹಣದ ಮಾತೆತ್ತಲಿಲ್ಲ. ಕೇಳಿದವಳು ತಿರುಪತಮ್ಮ.

"ರೇಷ್ಮಿ ಸಾಹುಕಾರ ಇನ್ನ ಉದ್ರಿ ಕೊಡಲ್ಲಂತಾನ ಅಕ್ಕಾ. ಮಗ್ಗಕ್ಕ ಹಾಸಿನ ನೂಲು ಹಾಕಲಾರ್ದ ತಿಂಗಳಾಯ್ತು. ಮಗಳು ಸ್ರವಂತಿ ಬೇರೆಯವರ ಮನ್ಯಾಗ ಕಂಡಿಕಿಗಿ ನೂಲು ಸುತ್ತಾಕ ಹೋಗ್ತಾಳ. ರೊಕ್ಕ ಸ್ವಲ್ಪರ ತಂದೀರೇನು?"

"ಇನ್ನೂ ಕೈಗಿ ಬಂದಿಲ್ಲ ತಂಗಿ," ಎಂದಳು ಬಸವೇಶ್ವರಿ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಷ್ಟರಲ್ಲಿ ಫೋನು ರಿಂಗಾಯಿತು. ನರೇಂದ್ರನ ದನಿ ದೊಡ್ಡದು. ಫೋನನ್ನು ಎಷ್ಟು ಒತ್ತಿ ಹಿಡಿದರೂ ಆ ಸಣ್ಣ ಮನೆಯ ಮೂಲೆಮೂಲೆಗೆ ಕೇಳಿಸಿತು.

"ಅಮ್ಮಾ, ನಿಂತೈತ್ರೀ! ಹೊರಡೋದರಾಗಿತ್ತು, ತಡದಾರ. ಪೂರಾ ರೊಕ್ಕ ಪೆನ್ಷನ್ ಖಾತೆಗೇ ಹಾಕಸ್ಲೇನು? ಇವತ್ತ ಸಂಜೀ ಒಳಗ ಹೇಳ್ಬೇಕು. ಒಂದ್ಸಲ ಹೋದ್ರ ಅರವತ್ತರ ತನಕ ಯಾರೂ ಮುಟ್ಟಂಗಿಲ್ಲ, ನೀವೂ ಮುಟ್ಟಂಗಿಲ್ಲ."

ಬಸವೇಶ್ವರಿ ಫೋನನ್ನು ಚೀಲಕ್ಕೆ ಹಾಕಿದಳು. ತಿರುಪತಮ್ಮನ ಮುಖದ ಮೇಲಿನ ನಗು ಇನ್ನೂ ಇತ್ತು, ಆದರೆ ಅದರೊಳಗೆ ಜೀವ ಇರಲಿಲ್ಲ.

"ಐತಲ್ಲ ಅಕ್ಕಾ ರೊಕ್ಕ," ಎಂದಳು ಮೆಲ್ಲಗೆ.

ಬಸವೇಶ್ವರಿ ಹೇಳಲು ಹೋದಳು. ಮಿಲ್ಲಿನದು, ಶುಲ್ಕ, ಬ್ಯಾಂಕು, ಜಾಮೀನು. ಒಂದಕ್ಕೊಂದು ಜೋಡಣೆಯಿಲ್ಲದೆ ಬಾಯಿಂದ ಉದುರಿದವು. ಹೇಳುತ್ತಾ ಹೇಳುತ್ತಾ ತನ್ನ ಕಿವಿಗೇ ಅದು ಕಳ್ಳರ ಮಾತಿನಂತೆ ಕೇಳಿಸಿತು.

ಯಲ್ಲಯ್ಯ ಚಾಪೆ ಪಕ್ಕಕ್ಕಿಟ್ಟ. "ಮುಪ್ಪಿಗಿ ಇಟ್ಕೋತೀರಿ, ತಪ್ಪಿಲ್ಲ ತಾಯಿ. ಎಲ್ಲರಿಗೂ ಮುಪ್ಪು ಬರ್ತದ. ಆದ್ರ ನಮ್ಮ ಹೊಟ್ಟಿ ಅರವತ್ತರ ತನಕ ಕಾಯಂಗಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತಿರುಪತಮ್ಮ ತಂದಿಟ್ಟ ನೀರನ್ನು ಕುಡಿಯಲಾಗದೆ ಅವಳು ಎದ್ದಳು. ಓಣಿಯುದ್ದಕ್ಕೂ ಬೇರೆ ಮನೆಗಳ ಮಗ್ಗದ ಸದ್ದು ಕೇಳುತ್ತಿತ್ತು.

ನರೇಂದ್ರನ ಕೋಣೆಗೆ ಮರಳಿ, ಕುರ್ಚಿಯಲ್ಲಿ ಕೂತವಳೇ ಕೇಳಿದಳು: "ಅಷ್ಟೂ ಹಾಕ್ಬೇಕಂತ ಕಾನೂನು ಐತೇನು?"

"ಇಲ್ರಿ. ಮೂರರಾಗ ಒಂದು ಪಾಲು ಕೈಗಿ ತಗೋಬಹುದು. ನೀವ ಬ್ಯಾಡಂದಿದ್ರಿ."

ಹೌದು, ಅವಳೇ ಬೇಡವೆಂದಿದ್ದಳು. ಕೈಗೆ ಬಂದದ್ದು ನಾರಾಯಣಪೇಟೆಯ ಖಾತೆಗೇ ಬರುತ್ತದೆ, ಬ್ಯಾಂಕು ನುಂಗುತ್ತದೆ ಎಂಬ ಹೆದರಿಕೆಯಲ್ಲಿ. ಗದ್ವಾಲದಲ್ಲೇ ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆಗೆದು, ಆ ಪಾಲನ್ನು ಅಲ್ಲಿಗೆ ತರಿಸಬಹುದೇ ಎಂದು ಕೇಳಿದಳು. ತರಿಸಬಹುದು, ವಾರ ಹತ್ತು ದಿನ ಹಿಡಿಯುತ್ತದೆ ಎಂದ ನರೇಂದ್ರ. ಉಳಿದದ್ದು ಪೆನ್ಷನ್ ಖಾತೆಗೆ. ಬಸವೇಶ್ವರಿ ರುಜು ಹಾಕಿದಳು. ಈ ಸಲ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿ ಹಾಕಿದಳು.

ಆ ಹತ್ತು ದಿನ ಅವಳಿಗೆ ಅನ್ನ ಸೇರಲಿಲ್ಲ. ಮತ್ತೆ ತಪ್ಪಾಗಿ ಹಳೆಯ ಖಾತೆಗೇ ಹೋದರೆ? ನಾರಾಯಣಪೇಟೆಯ ಬ್ಯಾಂಕಿನವರಿಗೆ ಸುಳಿವು ಸಿಕ್ಕರೆ? ಶಿವಕಾಂತನಿಗೆ ಎಲ್ಲವನ್ನೂ ಹೇಳಿದ್ದಳು. ಅವನು ಕೆಂಡವಾಗಿದ್ದ. "ನನ್ನ ಮಾನ ಬೀದ್ಯಾಗ ಬಿದ್ದೈತಿ, ನೀ ನೇಕಾರನ ಮನಿ ತುಂಬಸ್ತಿ," ಎಂದು ಒಂದು ಸಲ ಕೂಗಿ, ಆಮೇಲೆ ಮಾತೇ ಬಿಟ್ಟಿದ್ದ. ಎದುರೆದುರು ಕೂತು ಉಂಡರೂ ಉಪ್ಪು ಬೇಕೆಂದರೆ ತಾನೇ ಎದ್ದು ತಂದುಕೊಳ್ಳುತ್ತಿದ್ದ.

ಕಡೆಗೂ ಹಣ ಸರಿಯಾದ ಜಾಗಕ್ಕೆ ಬಂತು. ಯಲ್ಲಯ್ಯನ ಬಾಕಿ ಪೂರ್ತಿ ತೀರಿಸಿ ಮೇಲೆ ಸ್ವಲ್ಪ ಉಳಿಯಿತು. ತಿರುಪತಮ್ಮ ಎಣಿಸಿ ಒಳಗಿಟ್ಟು ಬಂದಳು. "ಅಕ್ಕಾ" ಎಂದು ಮೊದಲಿನಂತೆ ಕರೆಯಲಿಲ್ಲ, ಚಹಾ ಮಾತ್ರ ಮಾಡಿಕೊಟ್ಟಳು. ಯಲ್ಲಯ್ಯ ಆಗಲೇ ರೇಷ್ಮೆ ತರಲು ಚಪ್ಪಲಿ ಮೆಟ್ಟುತ್ತಿದ್ದ.

ಉಳಿದದ್ದನ್ನು ಹಿಡಿದು ಬಸವೇಶ್ವರಿ ನಾರಾಯಣಪೇಟೆಯ ಬ್ಯಾಂಕಿಗೆ ತಾನೇ ಹೋದಳು. ಚೀಲದಿಂದ ಹಣ ತೆಗೆದು ಮ್ಯಾನೇಜರ ಮೇಜಿನ ಮೇಲಿಟ್ಟಳು. "ಇದನ್ನ ಜಮಾ ಹಿಡೀರಿ. ಬಾಕಿಗೆ ತಿಂಗಳಾ ತಿಂಗಳಾ ಕಟ್ತೀನಿ, ಐಜ ಊರಿನ ಬೀಜದ ವ್ಯಾಪಾರಿ ಹತ್ರ ಲೆಕ್ಕ ಬರಿಯೋ ಕೆಲಸ ಸಿಕ್ಕೈತಿ," ಎಂದಳು. ಅಂಗಡಿಯ ಮಳಿಗೆ ಬಿಟ್ಟುಕೊಟ್ಟರೆ ಅದರ ಠೇವಣಿಯನ್ನೂ ಸಾಲಕ್ಕೆ ಹಿಡಿದು ಕಂತು ಮಾಡಿಕೊಡಬಹುದು, ಅದಕ್ಕೆ ನಿಮ್ಮ ಯಜಮಾನರೇ ಬರಬೇಕು ಎಂದರು ಅವರು.

ಅವಳು ಮನೆಗೆ ಬಂದು ಆ ಮಾತನ್ನು ಗೋಡೆಗೆ ಹೇಳಿದಂತೆ ಹೇಳಿದಳು. ಶಿವಕಾಂತ ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ಅಂಗಡಿಯ ಬೀಗದ ಕೈ ಹಿಡಿದು ನಾರಾಯಣಪೇಟೆಯ ಬಸ್ಸು ಹತ್ತಿದ. ಇವಳು ಬಾಗಿಲಿಗೂ ಒಲೆಗೂ ತಿರುಗಾಡಿ ದಿನ ಕಳೆದಳು. ಸಂಜೆ ಅವನು ಬಂದಾಗ ಕೈಯಲ್ಲಿ ಅಂಗಡಿಯ ಬೀಗದ ಕೈ ಇರಲಿಲ್ಲ. ಕಾಲು ತೊಳೆದು ತಾಟಿನ ಮುಂದೆ ಕೂತ.

ಎರಡು ತುತ್ತು ಉಂಡು ತಲೆ ಎತ್ತದೆ ಕೇಳಿದ. "ಆ ಪೆನ್ಷನ್‌ಗೆ ವಾರಸದಾರ ಅಂತ ಒಂದು ಹೆಸರು ಬರೀಬೇಕಾಗ್ತೈತಿ ಅಲ್ಲ? ನನ್ನ ಹೆಸರು ಬರೀಬ್ಯಾಡ. ಸಾಲಗಾರ ನಾನು. ಕಾವ್ಯಾಂದು ಬರಿ."

ಬಸವೇಶ್ವರಿ ಪಲ್ಯದ ಬೋಗುಣಿ ಅವನ ಕಡೆ ಸರಿಸಿದಳು. ಆಮೇಲೆ ಅಂದಳು, "ಅವಳ್ದ ಬರದೀನಿ."

ಅವನ ಕೈ ತಾಟಿನಲ್ಲಿ ಒಂದು ಗಳಿಗೆ ನಿಂತಿತು. ಅವನಿಗೆ ನೋವಾಯಿತೇನೋ ಎಂದು ಅವಳು ಮುಖ ನೋಡಿದಳು.

"ಚಲೋ ಮಾಡಿದಿ," ಎಂದ. ಆಮೇಲೆ ತಾಟು ಮುಂದಕ್ಕೆ ಸರಿಸಿದ. "ಇನ್ನೊಂದು ರೊಟ್ಟಿ ಹಾಕು."