ಇಲಿ ಪಾಷಾಣದ ಮುಖ

ಪಿರೋಷ್ಕಾ ಉಗುರು ಕತ್ತರಿಸುವ ಪುಟ್ಟ ಕತ್ತರಿಯಿಂದ ಹೂಚಕ್ರದ ರಿಬ್ಬನ್ನನ್ನು ಕತ್ತರಿಸುತ್ತಿದ್ದಳು. ಕತ್ತರಿ ಮೊಂಡಾಗಿತ್ತು. ರೇಷ್ಮೆ ಜಾರಿ ಜಾರಿ ಹೋಗುತ್ತಿತ್ತು. ನೇರಳೆ ಪಟ್ಟಿಯ ಮೇಲೆ ಚಿನ್ನದ ಅಕ್ಷರಗಳಲ್ಲಿ ‘ವಿಲ್ಮೋಶ್‌ಗೆ, ಪ್ರೀತಿಯ ಗೆಳೆಯ ದೆಜೋ, ಕಲಾವಿದರ ಸಂಘದ ಅಧ್ಯಕ್ಷ’ ಎಂದಿತ್ತು. ನಡುವಿನ ‘ಪ್ರೀತಿಯ ಗೆಳೆಯ’ ಅನ್ನುವಷ್ಟನ್ನು ತೆಗೆದು, ಎರಡು ತುದಿಗಳನ್ನು ಗುಂಡುಸೂಜಿಯಿಂದ ಸೇರಿಸಿ, ಹೂಚಕ್ರವನ್ನು ಗಂಡನ ಶವಪೆಟ್ಟಿಗೆಯ ಕಾಲ ಬಳಿ ಒರಗಿಸಿದಳು. ತುಂಡನ್ನು ಕೈಚೀಲಕ್ಕೆ ತುರುಕಿದಳು.

“ಇಡೀ ಹೂಚಕ್ರಾನೇ ಆಚೆ ಎಸೀಬಹುದಿತ್ತಲ್ಲ ಅಕ್ಕಾ,” ಎಂದಳು ಬೋರಿ. ಲೇಬಲ್ ಅಚ್ಚುಕೂಟದಲ್ಲಿ ಇಪ್ಪತ್ತೆಂಟು ವರ್ಷ ಯಂತ್ರ ನಡೆಸಿ ನಿವೃತ್ತಳಾದ ದಪ್ಪ ಹೆಂಗಸು ಅವಳು.

“ಬೇಡ. ಬಂದು ನೋಡ್ಲಿ.”

ಫೆಬ್ರವರಿ ತಿಂಗಳು. ಬುಡಾ ಬೆಟ್ಟದ ಮೇಲಿನ ಆ ಸ್ಮಶಾನದ ಸಭಾಂಗಣದಲ್ಲಿ ಉಸಿರು ಹಬೆಯಾಗುತ್ತಿತ್ತು. ವಿಲ್ಮೋಶ್ ಸತ್ತದ್ದು ಹಿಂದಿನ ಗುರುವಾರ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ. ಅಂದೇ ಪಿರೋಷ್ಕಾ ದೆಜೋಗೆ ತಾನೇ ಫೋನ್ ಮಾಡಿ, ಚರಮಭಾಷಣ ಅವನೇ ಮಾಡಬೇಕು ಎಂದು ಕೇಳಿಕೊಂಡಿದ್ದಳು. ಅವನು ಬರುತ್ತೇನೆ ಅಂದ. ಮರುದಿನ ಅವಳು ಅಚ್ಚುಕೂಟಕ್ಕೆ ಹೋಗಿ, ಗಂಡನ ಜೊತೆ ಕೆಲಸ ಮಾಡಿದ ಹೆಂಗಸರಿಗೆಲ್ಲ ಹೇಳಿ, ಅವರನ್ನು ಇವತ್ತು ಮೊದಲ ಸಾಲಿನಲ್ಲೇ ಕೂರಿಸಿದ್ದಳು. ಒಂಬತ್ತು ಜನ.

“ಅಲ್ಲಾ, ಆ ಮನುಷ್ಯನ್ನ ಯಾಕೆ ಕರೆದ್ರಿ?” ಬೋರಿಗೆ ತಡೆಯಲಾಗಲಿಲ್ಲ.

“ಮುಖ ನೋಡೋಕೆ,” ಎಂದಳು ಪಿರೋಷ್ಕಾ. “ನನಗಲ್ಲ. ನಿಮಗೆ.”

*

ಎರಡನೇ ಮಹಾಯುದ್ಧಕ್ಕೆ ಮೊದಲು ವಿಲ್ಮೋಶ್ ಸಿನಿಮಾ ಪೋಸ್ಟರ್ ಬರೆಯುತ್ತಿದ್ದ. ಸೋಪಿನ ಜಾಹೀರಾತು, ಪುಸ್ತಕದ ಹೊದಿಕೆ, ಅಂಚೆಚೀಟಿ, ಯಾವುದು ಕೊಟ್ಟರೂ ಅವನ ಕೈ ಅದಕ್ಕೆ ತಕ್ಕ ಹಾಗೆ ಬದಲಾಗುತ್ತಿತ್ತು. ದೆಜೋ ಅವನ ಜೊತೆ ಓದಿದವನು, ಸೊಟ್ಟ ಮೂಗು, ಕೂಡಿದ ಹುಬ್ಬು. ಗೆರೆ ಒರಟು, ಮಾತು ನಯ.

ನಲವತ್ತನಾಲ್ಕರ ನವೆಂಬರಿನಲ್ಲಿ ದೆಜೋ ಸೈನ್ಯದಿಂದ ಓಡಿಬಂದು ಅವರ ಅಡುಗೆಮನೆಯಲ್ಲಿ ನಿಂತ. ಸಿಕ್ಕಿಬಿದ್ದರೆ ಬೀದಿಯಲ್ಲೇ ಗುಂಡು ಹೊಡೆಯುತ್ತಿದ್ದ ಕಾಲ ಅದು. ವಿಲ್ಮೋಶ್ ಹಾಡುಹಗಲೇ ಪರದೆ ಎಳೆದು, ಒಲೆಯ ಕೆಳಗೆ ನೆಲಕ್ಕೆ ಹಾಸಿದ್ದ ರಬ್ಬರಿನಂಥ ಲಿನೋಲಿಯಂ ಹಾಳೆಯಿಂದ ಒಂದು ಚೂರು ಕಿತ್ತು, ಅದರಲ್ಲಿ ಪಲ್ಟನ್ನಿನ ಮುದ್ರೆ ಕೊರೆದ. ದೆಜೋ ಭೂತಗನ್ನಡಿ ಹಿಡಿದುಕೊಂಡಿದ್ದ. ಬೆಳಕಿಗೆ ಅಡ್ಡ ಬಂದದ್ದಕ್ಕೆ ಎರಡು ಸಲ ಬೈಸಿಕೊಂಡ. ಸಂಜೆಯೊಳಗೆ, ಎದೆಯ ಕಾಯಿಲೆಯಿಂದಾಗಿ ಸೈನ್ಯದಿಂದ ಬಿಡುಗಡೆ ಎಂಬ ಕಾಗದ ಸಿದ್ಧವಾಗಿತ್ತು. ಆ ಕಾಗದ ಹಿಡಿದು ದೆಜೋ ಬದುಕಿಕೊಂಡ.

ಐವತ್ತಾರರಲ್ಲಿ ಸರ್ಕಾರದ ವಿರುದ್ಧ ಎದ್ದ ದಂಗೆಯಲ್ಲಿ ವಿಲ್ಮೋಶ್ ದಂಗೆಕೋರರ ಪರ ಒಂದೇ ಒಂದು ಗೋಡೆಪತ್ರ ಬರೆದ. ಸಹಿ ಹಾಕಿರಲಿಲ್ಲ. ಮುಂದಿನ ವಸಂತದಲ್ಲಿ ಪೊಲೀಸರು ಬಂದರು. ವಿಚಾರಣೆ ಮಾಡಿದವನು ಸಿಗರೇಟು ಹಚ್ಚಿ, ಅಡುಗೆಮನೆಯ ನೆಲದ ಚೂರಿನಲ್ಲಿ ಒಂದು ಸರ್ಕಾರದ ಮುದ್ರೆ ಕೊರೆದ ಕೈ ಇನ್ನೊಂದು ಸರ್ಕಾರದ್ದನ್ನೂ ಕೊರೆಯುತ್ತದೆ ಎಂದನಂತೆ. ಆ ಚೂರಿನ ಸಂಗತಿ ಗೊತ್ತಿದ್ದವರು ಲೋಕದಲ್ಲಿ ಮೂರೇ ಜನ: ಗಂಡ, ಹೆಂಡತಿ, ದೆಜೋ.

ಮೂರು ವರ್ಷ ಜೈಲು. ಎರಡನೆಯ ವರ್ಷ ವಿಲ್ಮೋಶನ ತಾಯಿ ತೀರಿಕೊಂಡಳು. ಮಣ್ಣಿಗೆ ಬರಲು ಅವನನ್ನು ಬಿಡಲಿಲ್ಲ. ದೆಜೋ ಬಂದ. ಪಿರೋಷ್ಕಾಳ ಎರಡೂ ಕೈ ಹಿಡಿದುಕೊಂಡು ಅತ್ತ, ಅವನ ಹೆಗಲ ಮೇಲೆ ತಲೆಯಿಟ್ಟು ಅವಳೂ ಅತ್ತಳು. ಮುದುಕಿಯ ಪೆಟ್ಟಿಗೆಗೆ ಮಗನ ಜಾಗದಲ್ಲಿ ನಿಂತು ಹೆಗಲು ಕೊಟ್ಟವನೂ ಅವನೇ.

ವಿಲ್ಮೋಶ್ ಬಿಡುಗಡೆಯಾಗಿ ಬಂದು, ವಿಚಾರಣೆಯಲ್ಲಿ ಲಿನೋಲಿಯಂನ ಮಾತು ಬಂದದ್ದನ್ನು ಹೇಳಿದಾಗ ಪಿರೋಷ್ಕಾ ನಲ್ಲಿಯ ಕೆಳಗೆ ಎರಡೂ ಕೈ ಹಿಡಿದು, ಸೋಪು ಹಚ್ಚಿ ಹಚ್ಚಿ ತೊಳೆದಳು. ಅಂದಿನಿಂದ ಅವಳು ಆ ಹೆಸರನ್ನು ಮನೆಯಲ್ಲಿ ಎತ್ತಲಿಲ್ಲ.

*

ಜೈಲಿನಿಂದ ಬಂದ ಮೇಲೆ ಪೋಸ್ಟರ್ ಬರೆಯಲು ವಿಲ್ಮೋಶ್‌ಗೆ ಅಪ್ಪಣೆ ಇರಲಿಲ್ಲ. ಲೇಬಲ್ ಬರೆಯಬಹುದಿತ್ತು. ಜಾಮಿನ ಸೀಸೆ, ಬೆಂಕಿಪೊಟ್ಟಣ, ಗೊಂಬೆಯ ಡಬ್ಬಿ, ಕಾರ್ಖಾನೆಗಳ ಗೋಡೆಗೆ ಹಚ್ಚುವ ಅಪಘಾತದ ಎಚ್ಚರಿಕೆ. ವಿಚಾರಣೆಯಲ್ಲಿ ಬಲಗೈ ಹೆಬ್ಬೆರಳು ಮುರಿದಿತ್ತು. ಎಡಗೈಯಲ್ಲಿ ಬರೆಯಲು ಕಲಿತ. ಒಂದೇ ವರ್ಷದಲ್ಲಿ ಎಡಗೈ ಬಲಗೈಯನ್ನು ಮೀರಿಸಿತು.

ಅರವತ್ತೆರಡರಲ್ಲಿ ಇಲಿ ಪಾಷಾಣದ ಡಬ್ಬಿಗೆ ಚಿತ್ರ ಬೇಕಾಯಿತು. ವಿಲ್ಮೋಶ್ ಒಂದು ಇಲಿ ಬರೆದ. ಎಡಕ್ಕೆ ವಾಲಿದ ಮೂಗು, ನಡುವೆ ಕೂಡಿಕೊಂಡ ಹುಬ್ಬು, ಅಂಗಾತ ಬಿದ್ದು ನಾಲಗೆ ಚಾಚಿದ ಇಲಿ. ಪಿರೋಷ್ಕಾ ನೋಡಿದಳು. ಅಂದು ಊಟಕ್ಕೆ ಗಸಗಸೆ ಹಾಕಿದ ಸಿಹಿ ಶಾವಿಗೆ ಮಾಡಿದಳು, ಹಬ್ಬದ ದಿನದ ಹಾಗೆ.

ಆಮೇಲೆ ಆ ಮುಖ ದೇಶದ ತುಂಬ ಓಡಾಡಿತು. ಕಾಲಿನ ಆಣಿಗೆ ಹಚ್ಚುವ ಮುಲಾಮಿನ ಮೇಲೆ ನೋವಿನಿಂದ ಮುಖ ಕಿವುಚಿಕೊಂಡವನು ಅವನು. ಯಂತ್ರಕ್ಕೆ ಬೆರಳು ಕೊಟ್ಟ ಪೆದ್ದ ಅವನು. ಕುಡಿದು ಚರಂಡಿಯಲ್ಲಿ ಮಲಗಿದವನು, ಮಲಬದ್ಧತೆಯ ಉಪ್ಪಿನ ಪೊಟ್ಟಣದ ಮೇಲೆ ಹೊಟ್ಟೆ ಹಿಡಿದು ಕೂತವನು, ಮಕ್ಕಳ ಪುಸ್ತಕದಲ್ಲಿ ಬಾವಿಗೆ ಬೀಳುವ ತೋಳ, ಎಲ್ಲ ಅವನೇ. ಅಚ್ಚುಕೂಟದ ಹೆಂಗಸರು ಅವನಿಗೆ ‘ಪಾಷಾಣದಪ್ಪ’ ಎಂದು ಹೆಸರಿಟ್ಟರು. ಹೊಸ ಹಾಳೆ ಬಂದಾಗ, ಈ ಸಲ ಪಾಷಾಣದಪ್ಪನಿಗೆ ಏನು ಗತಿ ಮಾಡಿದ್ದೀರಿ ಮೇಷ್ಟ್ರೇ, ಎಂದು ವಿಲ್ಮೋಶನನ್ನು ಕೇಳುತ್ತಿದ್ದರು. ಅವನು ನಗುತ್ತಿದ್ದ. ಯಾರೆಂದು ಹೇಳಲಿಲ್ಲ.

*

ದೆಜೋ ಕಪ್ಪು ಕೋಟಿನಲ್ಲಿ ಬಂದು ಪೆಟ್ಟಿಗೆಯ ಪಕ್ಕ ನಿಂತ. ರಿಬ್ಬನ್ನಿನ ಗುಂಡುಸೂಜಿಯ ಮೇಲೆ ಅವನ ಕಣ್ಣು ಒಂದು ಗಳಿಗೆ ನಿಂತಿತು. ಕಾಗದ ತೆಗೆದು ಓದತೊಡಗಿದ. ವಿಲ್ಮೋಶನ ಕೈಗೆ ಬಾರದ ಕೆಲಸವೇ ಇರಲಿಲ್ಲ ಅಂದ. ಪೋಸ್ಟರುಗಳ ವಿಷಯ ಹೇಳಿದ, ಅಂಚೆಚೀಟಿಗಳ ವಿಷಯ ಹೇಳಿದ. ಜೈಲಿನ ವರ್ಷಗಳನ್ನು ‘ಕಷ್ಟದ ದಿನಗಳು’ ಎಂದು ದಾಟಿಸಿದ.

ಮೊದಲ ಸಾಲಿನಲ್ಲಿ ಬೋರಿ ಪಕ್ಕದವಳ ಪಕ್ಕೆಗೆ ತಿವಿದಳು. ಅವಳು ಕಣ್ಣು ಕಿರಿದು ಮಾಡಿ ನೋಡಿ, ಕರವಸ್ತ್ರ ಬಾಯಿಗೆ ತುರುಕಿಕೊಂಡಳು. ಸಾಲಿನುದ್ದಕ್ಕೂ ತಿವಿತ ಸಾಗಿತು. ಒಂಬತ್ತು ಕಪ್ಪು ಟೋಪಿಗಳು ಒಟ್ಟಿಗೆ ಕುಲುಕಾಡಿದವು. ಯಾರದೋ ಮೂಗಿನಿಂದ ನಗು ಸಿಡಿಯಿತು.

ದೆಜೋ ಓದು ನಿಲ್ಲಿಸಿ, ಏನಾಯಿತು ಎಂದು ಕೇಳಿದ.

ಬೋರಿ ಎದ್ದು ನಿಂತಳು. “ತಪ್ಪು ತಿಳೀಬೇಡಿ ಸ್ವಾಮಿ. ನಿಮ್ಮನ್ನ ಇಪ್ಪತ್ತೆರಡು ವರ್ಷ ಇಲಿ ಪಾಷಾಣದ ಡಬ್ಬಿ ಮೇಲೆ ಅಚ್ಚು ಹಾಕಿದ್ವಿ. ಜೀವಂತ ನೋಡ್ತಿರೋದು ಇವತ್ತೇ.”

“ಆಣಿ ಮುಲಾಮಿನ ಮೇಲೂ,” ಎಂದಿತು ಇನ್ನೊಂದು ದನಿ.

ಹಿಂದಿನ ಸಾಲುಗಳು ತಿರುಗಿ ನೋಡಿದವು. ಸಂಘದಿಂದ ಬಂದ ಕಲಾವಿದರು ಅಧ್ಯಕ್ಷನ ಮೂಗನ್ನೇ ದಿಟ್ಟಿಸಿದರು. ಒಬ್ಬ ಕೆಮ್ಮಿದ, ಆ ಕೆಮ್ಮಿನೊಳಗೂ ನಗುವಿತ್ತು. ಪಿರೋಷ್ಕಾ ನೆಟ್ಟಗೆ ಕೂತು ದೆಜೋನ ಮುಖವನ್ನು ನೋಡುತ್ತಿದ್ದಳು. ಇದೇ ಗಳಿಗೆಗಾಗಿ ಅವಳು ಇಷ್ಟು ವರ್ಷ ಕಾದಿದ್ದಳು.

ಆದರೆ ಆ ಮುಖ ಕುಸಿಯಲಿಲ್ಲ. ದೆಜೋ ಕಾಗದವನ್ನು ಮಡಚಿ ಜೇಬಿಗಿಟ್ಟ. ಹೌದು, ಆ ಇಲಿ ನಾನೇ, ಎಂದ. ವಿಲ್ಮೋಶನಂಥವನ ಕೈಯಲ್ಲಿ ಅಷ್ಟು ಸಲ ಚಿತ್ರವಾದದ್ದು ತನ್ನ ಭಾಗ್ಯ ಎಂದು ತಲೆಬಾಗಿ ಪಕ್ಕಕ್ಕೆ ಸರಿದ. ಜನರ ಮುಖಗಳು ಮೆತ್ತಗಾದವು. ಹಿಂದೆ ಯಾರೋ, ದೊಡ್ಡ ಮನಸ್ಸು, ಅಂದರು.

ಪಿರೋಷ್ಕಾಳ ಬೆರಳುಗಳು ಕೈಚೀಲದ ಮೇಲೆ ಬಿಗಿದುಕೊಂಡವು.

*

ಹೆಪ್ಪುಗಟ್ಟಿದ ಮಣ್ಣು ಹೆಂಟೆ ಹೆಂಟೆಯಾಗಿ ಪೆಟ್ಟಿಗೆಯ ಮೇಲೆ ಬಿತ್ತು. ಜನ ಗೇಟಿನ ಕಡೆ ಹೊರಟರು. ಬೋರಿ ಸೀಸೆ ತೆಗೆದು ಹೆಂಗಸರಿಗೆಲ್ಲ ಒಂದೊಂದು ಗುಟುಕು ಪ್ಲಮ್ ಬ್ರಾಂದಿ ಕೊಡುತ್ತಿದ್ದಳು. ದೆಜೋ ಮಾತ್ರ ಗುಂಡಿಯ ಬಳಿ ಪಿರೋಷ್ಕಾಳ ಹತ್ತಿರ ಬಂದು ನಿಂತ.

“ಮೊದಲನೇ ದಿನಾನೇ ಗೊತ್ತಾಯ್ತು ಪಿರೋಷ್ಕಾ,” ಎಂದ. “ಅಚ್ಚಿಗೆ ಹೋಗೋ ಚಿತ್ರಗಳ ಒಪ್ಪಿಗೆ ಸಮಿತೀಲಿ ನಾನೇ ಇದ್ದೆ. ಆ ಇಲಿ ನನ್ನ ಮೇಜಿಗೇ ಬಂತು. ಬೇರೆ ಯಾರಾದ್ರೂ ಆಗಿದ್ರೆ ಹರಿದು ಹಾಕ್ತಿದ್ರು. ನಾನು ಸಹಿ ಹಾಕಿದೆ. ಪ್ರತಿಯೊಂದಕ್ಕೂ ಹಾಕಿದೆ.” ಗುಂಡಿಯ ಕಡೆ ತಿರುಗಿ, “ಅವನು ನನ್ನ ಜೊತೆ ಮಾತಾಡ್ತಿದ್ದದ್ದು ಅದೊಂದೇ ಥರ. ನಾನು ಮಾಡಿದ್ದಕ್ಕೆ ಅದೇ ಶಿಕ್ಷೆ ಅಂದ್ಕೊಂಡೆ. ತಿಂಗಳು ತಿಂಗಳು ಕಾಯ್ತಿದ್ದೆ,” ಎಂದ.

ಅವನ ಕಣ್ಣಲ್ಲಿ ನೀರಿತ್ತು. ಅವಳ ಕೈ ಹಿಡಿಯಲು ಕೈ ಚಾಚಿದ.

ಪಿರೋಷ್ಕಾಗೆ ಎಲ್ಲ ಸ್ಪಷ್ಟವಾಯಿತು. ಇವನು ಅವಮಾನ ಪಟ್ಟಿರಲೇ ಇಲ್ಲ. ಇಪ್ಪತ್ತೆರಡು ವರ್ಷ, ತಿಂಗಳಿಗಿಷ್ಟರಂತೆ, ತನ್ನನ್ನು ತಾನೇ ಕ್ಷಮಿಸಿಕೊಂಡು ಬಂದಿದ್ದ. ಅವಳು ಕೈಗಳನ್ನು ಕೋಟಿನ ಜೇಬಿಗೆ ಇಳಿಸಿದಳು. ಒಂದು ಕಾಲದಲ್ಲಿ ಅವನನ್ನು ‘ನೀನು’ ಎನ್ನುತ್ತಿದ್ದವಳು ಈಗ ಬಹುವಚನದಲ್ಲಿ, ಅಂಗಡಿಯವನೊಂದಿಗೆ ಆಡುವಂತೆ ಆಡಿದಳು.

“ನೀವು ತಪ್ಪು ತಿಳ್ಕೊಂಡಿದೀರಿ. ಅದು ನಮ್ಮ ಮನೆ ಕೆಳಗಿದ್ದ ಕಸಾಯಿ ಅಂಗಡಿಯವನ ಮುಖ. ಅವನಿಗೂ ಮೂಗು ಸೊಟ್ಟ ಇತ್ತು. ಒಂದ್ಸಲ ಹಳಸಿದ ಮಾಂಸ ಕೊಟ್ಟ, ವಿಲ್ಮೋಶ್‌ಗೆ ಸಿಟ್ಟು ಬಂತು.”

“ಈ ಹೆಂಗಸರೆಲ್ಲ ನನ್ನನ್ನ—”

“ಅವರು ಮೂಗು ನೋಡಿ ನಕ್ಕರು. ಊರಲ್ಲಿ ಸೊಟ್ಟ ಮೂಗು ಎಷ್ಟಿಲ್ಲ.”

“ಅವನು ನನ್ನ ವಿಷಯ ಏನೂ ಹೇಳ್ತಿರ್ಲಿಲ್ವಾ?” ದೆಜೋನ ದನಿ ಸಣ್ಣದಾಗಿತ್ತು.

“ಏಳೆಂಟು ವರ್ಷದ ಹಿಂದೆ ನೀವು ಟೀವೀಲಿ ಯಾವುದೋ ಬಹುಮಾನ ಕೊಡ್ತಾ ಇದ್ರಿ. ಈ ಮುದುಕ ಯಾರು, ಎಲ್ಲೋ ನೋಡಿದ ಹಾಗಿದೆಯಲ್ಲ ಅಂದ. ನಾನು ಹೆಸರು ಹೇಳಿದೆ. ಸ್ವಲ್ಪ ಯೋಚನೆ ಮಾಡಿ, ನೆನಪಾಗ್ತಿಲ್ಲ ಅಂದ. ಸೂಪು ಕುಡಿಯೋಕೆ ಕೂತ.”

ಹೇಳಿದ್ದರಲ್ಲಿ ಒಂದು ಅಕ್ಷರವೂ ನಿಜವಲ್ಲ. ಸಾಯುವ ಹಿಂದಿನ ದಿನ ಆಸ್ಪತ್ರೆಯಲ್ಲಿ, ಮಾತು ಬಿದ್ದುಹೋದ ಮೇಲೂ, ವಿಲ್ಮೋಶ್ ಜ್ವರ ಬರೆದಿಡುವ ಹಾಳೆಯ ಹಿಂದೆ ಎಡಗೈಯಲ್ಲಿ ಅದೇ ಮೂಗು, ಅದೇ ಹುಬ್ಬು ಬರೆದಿದ್ದ. ಆ ಹಾಳೆಯನ್ನು ಪಿರೋಷ್ಕಾ ಮಡಚಿ ಅವನ ಕೋಟಿನ ಒಳಜೇಬಿನಲ್ಲಿಟ್ಟಿದ್ದಳು. ಈಗ ಅದರ ಮೇಲೆ ಒಂದಾಳು ಮಣ್ಣು ಬಿದ್ದಿತ್ತು.

ಮೊದಲ ಸಲ ದೆಜೋನ ಮುಖ ಕುಸಿಯಿತು, ಕೆನ್ನೆ ಎರಡೂ ಇಳಿಬಿದ್ದವು. ಪಿರೋಷ್ಕಾ ಅದನ್ನು ಕಣ್ಣು ಮಿಟುಕಿಸದೆ ನೋಡಿದಳು. “ಬಂದಿದ್ದಕ್ಕೆ ವಂದನೆ,” ಎಂದು ಹೇಳಿ ಬೋರಿಯ ಕಡೆ ನಡೆದಳು.

ಗೇಟಿನ ಹೊರಗೆ ಟ್ರಾಮ್ ನಿಂತಿತ್ತು. ಬೋರಿ ಕೊಟ್ಟ ಬ್ರಾಂದಿ ಗಂಟಲು ಸುಡುತ್ತಿರಲು ಪಿರೋಷ್ಕಾ ಹೂವಿನಂಗಡಿಯ ಮುಂದೆ ನಿಂತು ನೋಡಿದಳು. ದೆಜೋ ಒಬ್ಬನೇ ಹತ್ತಿ ಕಿಟಕಿಯ ಪಕ್ಕ ಕೂತ. ಗಾಜಿನ ಮೇಲಿನ ಹಬೆಯನ್ನು ತೋಳಿನಿಂದ ಒರೆಸಿದ. ಅವಳನ್ನಾಗಲಿ ಬೀದಿಯನ್ನಾಗಲಿ ಅವನು ನೋಡಲಿಲ್ಲ. ಗಾಜಿನಲ್ಲಿ ತನ್ನನ್ನೇ ನೋಡಿಕೊಳ್ಳುತ್ತ, ಮುಖವನ್ನು ಮೆಲ್ಲನೆ ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಎರಡು ಬೆರಳಿನಿಂದ ಮೂಗನ್ನು ಮುಟ್ಟಿ ಮುಟ್ಟಿ ನೋಡಿಕೊಂಡ. ಟ್ರಾಮ್ ಇಳಿಜಾರಿನಲ್ಲಿ ತಿರುಗಿ ಮರೆಯಾಗುವವರೆಗೂ ಆ ಬೆರಳುಗಳು ಅಲ್ಲೇ ಇದ್ದವು.